ಬ್ರಹ್ಮಗಿರಿಯಿಂದ ಬಳ್ಳಿಗಾವಿಯವರೆಗೆ: ಮುಸ್ಲಿಮರೂ ಬೌದ್ಧ ಪರಂಪರೆಯೂ

(ಬಸವಾಪಟ್ಟಣದಲ್ಲಿ ನಡೆದ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನನಗೆ ಕೊಟ್ಟಿರುವ ವಿಷಯ ಮುಸ್ಲಿಮರು ಮತ್ತು ಬೌದ್ಧ ಪರಂಪರೆ. ಆಮಂತ್ರಣ ಪತ್ರಿಕೆ ನೋಡಿದವರೊಬ್ಬರು ನಿನ್ನೆ ನನ್ನನ್ನು ಕೇಳಿದರು: "ಮಾಸ್ತರೇ, ನಮಗೂ ಬುದ್ಧನಿಗೂ ಏನು ಸಂಬಂಧ? ನಮ್ಮ ಮಕ್ಕಳಿಗೆ ಸ್ಕಾಲರ್‌ಶಿಪ್ ಬಗ್ಗೆ ಹೇಳಬಾರದೇ?" ಅವರ ಪ್ರಶ್ನೆ ನ್ಯಾಯವಾದದ್ದೇ. ಸ್ಕಾಲರ್‌ಶಿಪ್ ಬಗ್ಗೆ ನನ್ನ ನಂತರ ಮಾತನಾಡುವವರು ಹೇಳುತ್ತಾರೆ. ನಾನು ಈ ವಿಷಯವನ್ನು ಯಾಕೆ ಒಪ್ಪಿಕೊಂಡೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ.

2001ನೇ ಇಸವಿಯ ಮಾರ್ಚ್ ತಿಂಗಳು. ಅಫ್ಘಾನಿಸ್ತಾನದ ಬಾಮಿಯಾನ್ ಕಣಿವೆಯಲ್ಲಿ ಬಂಡೆಯಲ್ಲಿ ಕೆತ್ತಿದ್ದ ಎರಡು ಬುದ್ಧ ಮೂರ್ತಿಗಳನ್ನು ತಾಲಿಬಾನಿಗಳು ಸಿಡಿಮದ್ದು ಇಟ್ಟು ಒಡೆದರು. ದೊಡ್ಡದು ಸುಮಾರು 55 ಮೀಟರ್, ಚಿಕ್ಕದು ಸುಮಾರು 38 ಮೀಟರ್ ಎತ್ತರದವು. ಆಗ ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದೆ. ಒಂಬತ್ತನೇ ತರಗತಿಯ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಸಾರ್, ಅದನ್ನು ಒಡೆದವರು ನಿಮ್ಮವರಾ?" ಆ ಹುಡುಗನ ಮನೆಯಲ್ಲಿ ಅಂಬೇಡ್ಕರ್ ಅವರ ಪಟದ ಪಕ್ಕದಲ್ಲಿ ಬುದ್ಧನ ಪಟವಿತ್ತು. ಅವನು ಕೆಣಕುವುದಕ್ಕಾಗಿ ಕೇಳಿದ್ದಲ್ಲ, ತಿಳಿದುಕೊಳ್ಳಲು ಕೇಳಿದ್ದ. ತರಗತಿ ನಿಶ್ಶಬ್ದವಾಯಿತು. ನಾನು "ಅದೆಲ್ಲ ದೂರದ ದೇಶದ ವಿಷಯ, ಪಠ್ಯದಲ್ಲಿ ಇಲ್ಲ, ಕುಳಿತುಕೋ" ಎಂದು ಹೇಳಿ ಪುಸ್ತಕದ ಪುಟ ತಿರುವಿದೆ.

ಮೂವತ್ತು ವರ್ಷಗಳ ಮೇಷ್ಟ್ರ ಕೆಲಸದಲ್ಲಿ ನಾನು ಅನೇಕ ತಪ್ಪು ಮಾಡಿದ್ದೇನೆ. ಇದು ಮಾತ್ರ ಇನ್ನೂ ಮನಸ್ಸಿನಲ್ಲಿ ಉಳಿದಿದೆ. ನಾನು ಸುಮ್ಮನಾದದ್ದು ಕೋಪದಿಂದಲ್ಲ, ಉತ್ತರ ಗೊತ್ತಿರಲಿಲ್ಲ. ಓದಿದವನಾಗಿಯೂ ಗೊತ್ತಿರಲಿಲ್ಲ. ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರವನ್ನೇ ಇಂದು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ನಾವು ಕುಳಿತಿರುವ ಜಾಗವನ್ನು ನೋಡೋಣ. ನಮ್ಮ ಬಸವಾಪಟ್ಟಣ ಹಳೆಯ ಊರು. ಪಾಳೆಯಗಾರರು ಆಳಿದ ಊರು, ಕೋಟೆಯಿದ್ದ ಊರು, ಬಿಜಾಪುರದ ಸೈನ್ಯವನ್ನು ಕಂಡ ಊರು. ಹತ್ತಿರದ ಸಂತೆಬೆನ್ನೂರಿನಲ್ಲಿ ಹನುಮಪ್ಪ ನಾಯಕನ ಹೆಸರಿನೊಂದಿಗೆ ಸೇರಿದ ಪುಷ್ಕರಣಿ ಇದೆ, ಅದರ ಪಕ್ಕದಲ್ಲೇ ಬಿಜಾಪುರದ ಕಾಲದ ಮುಸಾಫಿರ್‌ಖಾನೆ ಇದೆ. ಅವೆರಡೂ ಅಕ್ಕಪಕ್ಕದಲ್ಲಿ ನಿಂತಿರುವುದನ್ನು ನೋಡಿ ಎಲ್ಲವೂ ಸ್ನೇಹದಿಂದಲೇ ಆಯಿತು ಎಂದು ಹೇಳುವುದು ಸರಿಯಲ್ಲ. ಅಲ್ಲಿ ಯುದ್ಧವೂ ನಡೆದಿದೆ, ಸೇಡೂ ನಡೆದಿದೆ. ಆದರೆ ಸೂಳೆಕೆರೆಯ ಶಾಂತವ್ವನ ಕಥೆಯನ್ನು ನಮ್ಮಲ್ಲಿ ಜಾತಿ ಮತ ನೋಡದೆ ಎಲ್ಲ ಮನೆಯ ಅಜ್ಜಿಯರೂ ಹೇಳಿದ್ದಾರೆ. ನೀರು ಎಲ್ಲರದ್ದಾದರೆ ಕಥೆಯೂ ಎಲ್ಲರದ್ದಾಗುತ್ತದೆ.

ಇದಕ್ಕಿಂತ ಹಳೆಯ ಕಾಲಕ್ಕೆ ಹೋದರೆ ನಮ್ಮ ಊರು ಎರಡು ದೊಡ್ಡ ಬೌದ್ಧ ನೆಲೆಗಳ ನಡುವೆ ಬರುತ್ತದೆ. ಪೂರ್ವಕ್ಕೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ. ಪಶ್ಚಿಮಕ್ಕೆ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ. ಬಸ್ಸಿನಲ್ಲಿ ಹೋದರೆ ಒಂದೇ ದಿನದಲ್ಲಿ ಹೋಗಿ ಬರಬಹುದಾದ ಸ್ಥಳಗಳು. ನಮ್ಮಲ್ಲಿ ಎಷ್ಟು ಜನ ನೋಡಿದ್ದೇವೆ? ಕೈ ಎತ್ತಿ ಎಂದು ಕೇಳುವುದಿಲ್ಲ, ಯಾಕೆಂದರೆ ನಾನೇ ಐವತ್ತು ವರ್ಷ ದಾಟುವವರೆಗೆ ನೋಡಿರಲಿಲ್ಲ.

ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಅದನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದರು. ಸುಮಾರು 2250 ವರ್ಷಗಳ ಹಿಂದಿನ ಬರಹ. ತಂದೆ ತಾಯಿಯ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ನಿಜ ಹೇಳಬೇಕು, ಶಿಷ್ಯರು ಗುರುವನ್ನು ಗೌರವಿಸಬೇಕು, ಇದು ಅದರ ಸಾರಾಂಶ. ಈ ಮಾತುಗಳಲ್ಲಿ ನಮ್ಮ ಮದ್ರಸಾದಲ್ಲಿ ಹೇಳಿಕೊಡದೆ ಇರುವುದು ಒಂದಾದರೂ ಇದೆಯೇ?

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಶಾಸನದ ಕೊನೆಯ ಸಾಲು. ಅದನ್ನು ಬರೆದವನ ಹೆಸರು ಚಪಡ. ಇಡೀ ಶಾಸನವನ್ನು ಅವನು ಎಡದಿಂದ ಬಲಕ್ಕೆ ಬ್ರಾಹ್ಮಿ ಲಿಪಿಯಲ್ಲಿ ಬರೆದ. ತನ್ನ ಹೆಸರಿನ ಮುಂದೆ ಲಿಪಿಕಾರ ಎಂಬ ಅರ್ಥದ ಒಂದೇ ಒಂದು ಪದವನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ ಬರೆದ. ಖರೋಷ್ಠಿ ಎಂದರೆ ಗಾಂಧಾರ ಪ್ರಾಂತದ, ಅಂದರೆ ಇಂದಿನ ಪೇಶಾವರದ ಸುತ್ತಮುತ್ತಲಿನ ಲಿಪಿ. ಅದನ್ನು ಬಲದಿಂದ ಎಡಕ್ಕೆ ಬರೆಯುತ್ತಾರೆ. ಅದು ಅರಾಮಿಕ್ ಲಿಪಿಯಿಂದ ಹುಟ್ಟಿದ್ದು. ನಾವು ಕುರ್‌ಆನ್ ಓದುವ ಅರಬ್ಬಿ ಲಿಪಿಯೂ ಅದೇ ಅರಾಮಿಕ್ ಮನೆತನದಿಂದ ಬಂದದ್ದು. ಇಸ್ಲಾಂ ಬರುವುದಕ್ಕೆ ಎಂಟುನೂರಕ್ಕೂ ಹೆಚ್ಚು ವರ್ಷಗಳ ಮೊದಲೇ ನಮ್ಮ ಪಕ್ಕದ ಜಿಲ್ಲೆಯ ಬಂಡೆಯ ಮೇಲೆ ಬಲದಿಂದ ಎಡಕ್ಕೆ ಬರೆದ ಒಂದು ಪದ ಇತ್ತು. ಉರ್ದು ಓದುವ ಮಕ್ಕಳು ಅಲ್ಲಿಗೆ ಹೋದರೆ ಆ ಪದದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ಇನ್ನು ಬಳ್ಳಿಗಾವಿ. ಅಲ್ಲಮಪ್ರಭು ಹುಟ್ಟಿದ ಊರು ಎಂದು ಹೇಳುವ ಊರು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, 1065ರಲ್ಲಿ, ರೂಪಭಟ್ಟಯ್ಯ ಎಂಬ ದಂಡನಾಯಕ ಅಲ್ಲಿ ಜಯಂತಿ ಬೌದ್ಧ ವಿಹಾರವನ್ನು ಕಟ್ಟಿಸಿದನೆಂದು ಶಾಸನ ಹೇಳುತ್ತದೆ. ತಾರಾ ಭಗವತಿಯ ಪೂಜೆಗೆ, ಅಲ್ಲಿದ್ದವರ ಊಟಕ್ಕೆ ಭೂಮಿ ಬಿಟ್ಟುಕೊಟ್ಟರು. ಗದಗ ಜಿಲ್ಲೆಯ ಡಂಬಳದಲ್ಲಿಯೂ ಹದಿನಾರು ಜನ ಸೆಟ್ಟಿಗಳು ಸೇರಿ ವಿಹಾರ ಕಟ್ಟಿಸಿದ್ದರು, ಅಲ್ಲಿಯ ಶಾಸನದ ಕಾಲ 1095. ವ್ಯಾಪಾರಿಗಳು ಹಣ ಕೂಡಿಸಿ ಧರ್ಮಕಾರ್ಯ ಮಾಡುವುದು, ನಮ್ಮ ಸಂಘದ ಹಾಗೆಯೇ, ನಮ್ಮ ನಾಡಿಗೆ ಹೊಸದಲ್ಲ.

ಅದೇ ಬಳ್ಳಿಗಾವಿಯಲ್ಲಿ ಕೋಡಿಯ ಮಠ ಎಂಬ ಶೈವ ಮಠವಿತ್ತು. 1162ರ ಶಾಸನ ಆ ಮಠದಲ್ಲಿ ಏನೇನು ನಡೆಯುತ್ತಿತ್ತು ಎಂದು ಪಟ್ಟಿ ಕೊಡುತ್ತದೆ. ವ್ಯಾಕರಣ, ನ್ಯಾಯ, ಮೀಮಾಂಸೆ, ಸಾಂಖ್ಯಗಳ ಜೊತೆಗೆ ಬೌದ್ಧ ದರ್ಶನದ ಪಾಠವೂ ನಡೆಯುತ್ತಿತ್ತು. ಕುರುಡರು, ಕುಂಟರು, ಕಿವುಡರು, ದಿಕ್ಕಿಲ್ಲದವರಿಗೆ ಅನ್ನ ಸಿಗುತ್ತಿತ್ತು, ರೋಗಿಗಳಿಗೆ ಔಷಧಿ ಸಿಗುತ್ತಿತ್ತು. ಒಂದು ಧರ್ಮದವರ ಮಠದಲ್ಲಿ ಇನ್ನೊಂದು ಧರ್ಮದವರ ವಿಚಾರವನ್ನು ಪಾಠವಾಗಿ ಕಲಿಸುತ್ತಿದ್ದರು. ಒಪ್ಪುವುದಕ್ಕಾಗಿ ಅಲ್ಲ, ತಿಳಿಯುವುದಕ್ಕಾಗಿ. ವಿದ್ಯಾಸಂಸ್ಥೆ ಎಂದರೆ ಏನು ಎಂದು ನನ್ನನ್ನು ಯಾರಾದರೂ ಕೇಳಿದರೆ ನಾನು ಈ ಶಾಸನವನ್ನು ತೋರಿಸುತ್ತೇನೆ.

ಈಗ ನಮ್ಮ ಕಡೆಯ ಕಥೆಗೆ ಬರೋಣ. ಬಾಮಿಯಾನಿನಿಂದ ಉತ್ತರಕ್ಕೆ ಬಲ್ಖ್ ಪಟ್ಟಣವಿದೆ. ಅಲ್ಲಿ ನವ ವಿಹಾರ ಎಂಬ ದೊಡ್ಡ ಬೌದ್ಧ ವಿಹಾರವಿತ್ತು. ಏಳನೇ ಶತಮಾನದಲ್ಲಿ ಚೀನಾದ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಅದನ್ನು ನೋಡಿದ್ದಾನೆ. ಆ ವಿಹಾರದ ಮುಖ್ಯಸ್ಥನಿಗೆ ಪ್ರಮುಖ ಎಂಬ ಬಿರುದು ಇತ್ತು. ಆ ಸಂಸ್ಕೃತ ಪದವೇ ಅರಬ್ಬರ ಬಾಯಲ್ಲಿ ಬರ್ಮಕ್ ಆಯಿತು. ಆ ಮನೆತನ ಇಸ್ಲಾಂ ಸ್ವೀಕರಿಸಿತು. ಖಾಲಿದ್ ಬಿನ್ ಬರ್ಮಕ್ ಅಬ್ಬಾಸಿ ಖಲೀಫರ ಆಡಳಿತದಲ್ಲಿ ದೊಡ್ಡ ಅಧಿಕಾರಿಯಾದ, ಅವನ ಮಗ ಯಹ್ಯಾ ಹಾರೂನ್ ರಶೀದನ ವಜೀರನಾದ. ನೀವು ಅರೇಬಿಯನ್ ನೈಟ್ಸ್ ಕಥೆಗಳಲ್ಲಿ ಕೇಳಿರುವ ಜಾಫರ್ ಇದೇ ಮನೆಯ ಹುಡುಗ. ಈ ಯಹ್ಯಾ ಭಾರತದ ಗಿಡಮೂಲಿಕೆಗಳನ್ನು ತರಲು, ಭಾರತದ ಧರ್ಮಗಳ ಬಗ್ಗೆ ಬರೆದು ತರಲು ಜನರನ್ನು ಕಳುಹಿಸಿದ. ಸುಶ್ರುತನ ವೈದ್ಯ ಗ್ರಂಥ ಅರಬ್ಬಿಗೆ ಬಂದದ್ದು ಈ ಮನೆತನದ ಆಶ್ರಯದಲ್ಲಿ. 803ರಲ್ಲಿ ಹಾರೂನನ ಕೋಪಕ್ಕೆ ಸಿಕ್ಕಿ ಆ ಮನೆತನ ಹಾಳಾಯಿತು. ಆದರೆ ಬಾಗ್ದಾದಿನ ವಿದ್ಯೆಯ ಬೆಳಕಿನಲ್ಲಿ ಒಂದು ಬೌದ್ಧ ವಿಹಾರದ ಎಣ್ಣೆಯೂ ಉರಿಯಿತು ಎಂಬುದು ಉಳಿಯಿತು.

ಬುದ್ಧನ ಕಥೆಯೂ ಅರಬ್ಬಿಗೆ ಹೋಯಿತು. ಬಹಳ ಕಾಲ ಮಕ್ಕಳಿಲ್ಲದ ರಾಜನಿಗೆ ಮಗ ಹುಟ್ಟುತ್ತಾನೆ. ಇವನು ಲೋಕವನ್ನು ತ್ಯಜಿಸುತ್ತಾನೆ ಎಂದು ಜ್ಯೋತಿಷಿ ಹೇಳುತ್ತಾನೆ. ರಾಜ ಮಗನನ್ನು ಅರಮನೆಯಲ್ಲಿ ಕೂಡಿಹಾಕುತ್ತಾನೆ. ಒಂದು ದಿನ ಹೊರಗೆ ಬಂದ ರಾಜಕುಮಾರ ರೋಗಿಯನ್ನೂ ಮುದುಕನನ್ನೂ ನೋಡುತ್ತಾನೆ. ಆಗ ಸರಂದೀಬಿನಿಂದ, ಅಂದರೆ ಸಿಂಹಳದಿಂದ, ಬಿಲೌಹರ್ ಎಂಬ ವಿರಾಗಿ ವ್ಯಾಪಾರಿಯ ವೇಷದಲ್ಲಿ ಬಂದು ಅವನಿಗೆ ಸತ್ಯದ ದಾರಿ ತೋರಿಸುತ್ತಾನೆ. ಈ ಅರಬ್ಬಿ ಕಥೆಯ ಹೆಸರು 'ಬಿಲೌಹರ್ ಮತ್ತು ಯೂದಾಸಫ್'. ಯೂದಾಸಫ್ ಯಾರು? ಬೋಧಿಸತ್ವ ಎಂಬುದು ಬೂದಾಸಫ್ ಆಯಿತು. ಅರಬ್ಬಿ ಬಲ್ಲ ಮಕ್ಕಳಿಗೆ ಗೊತ್ತು, ಪದದ ಆರಂಭದಲ್ಲಿ ಬೇ ಮತ್ತು ಯೇ ಬರೆದರೆ ಎರಡರ ಆಕಾರ ಒಂದೇ, ಕೆಳಗೆ ಒಂದು ಚುಕ್ಕೆಯಿದ್ದರೆ ಬೇ, ಎರಡಿದ್ದರೆ ಯೇ. ಯಾವನೋ ನಕಲುಗಾರನ ಲೇಖನಿಯಿಂದ ಒಂದು ಚುಕ್ಕೆ ಹೆಚ್ಚಾಗಿ ಬಿದ್ದಿತು, ಬೂದಾಸಫ್ ಯೂದಾಸಫ್ ಆದ. ಅಲ್ಲಿಂದ ಜಾರ್ಜಿಯನ್, ಗ್ರೀಕ್, ಲ್ಯಾಟಿನ್ ಭಾಷೆಗಳಿಗೆ ಹೋಗಿ ಜೋಸಫಾತ್ ಎಂಬ ಕ್ರೈಸ್ತ ಸಂತನೂ ಆದ. ನಮ್ಮ ದೇಶದ ರಾಜಕುಮಾರನನ್ನು ಅರಬ್ಬರ ಕೈಯಿಂದ ಯುರೋಪಿನವರು ಪಡೆದುಕೊಂಡರು.

ಅದೇ ಬಲ್ಖ್ ಪಟ್ಟಣದಲ್ಲಿ ಹುಟ್ಟಿದವರು ಸೂಫಿ ಸಂತ ಇಬ್ರಾಹಿಂ ಬಿನ್ ಅದ್‌ಹಮ್. ಅವರು ರಾಜ್ಯವನ್ನೂ ಸಿಂಹಾಸನವನ್ನೂ ಬಿಟ್ಟು ಫಕೀರರಾದ ಕಥೆಯನ್ನು ನೀವು ಜುಮಾ ಪ್ರವಚನಗಳಲ್ಲಿ ಕೇಳಿರುತ್ತೀರಿ. ಆ ಕಥೆಗೂ ಸಿದ್ಧಾರ್ಥನ ಕಥೆಗೂ ಇರುವ ಹೋಲಿಕೆಯನ್ನು ವಿದ್ವಾಂಸರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಇದರಿಂದ ನಮ್ಮ ಸಂತರ ಹಿರಿಮೆ ಕಡಿಮೆಯಾಗುವುದಿಲ್ಲ. ಒಂದು ಊರಿನ ಮಣ್ಣು ಯಾವ ರೀತಿಯ ಮನುಷ್ಯನನ್ನು ದೊಡ್ಡವನೆಂದು ಕಾಣುತ್ತದೆಯೋ, ಧರ್ಮ ಬದಲಾದರೂ ಆ ಮೆಚ್ಚುಗೆ ಬದಲಾಗುವುದಿಲ್ಲ.

ಮಕ್ಕಳ ಕಥೆಗಳಲ್ಲಿಯೂ ಹೀಗೆಯೇ. ಬಾಯಿ ತೆರೆದು ಬಿದ್ದ ಆಮೆ, ಮೊಸಳೆಯನ್ನು ಮೋಸಗೊಳಿಸಿದ ಕೋತಿ, ಬಕಪಕ್ಷಿಯ ಕುತ್ತಿಗೆ ಹಿಡಿದ ಏಡಿ, ಇವು ಬೌದ್ಧರ ಜಾತಕ ಕಥೆಗಳಲ್ಲಿವೆ, ಪಂಚತಂತ್ರದಲ್ಲಿಯೂ ಇವೆ. ಎಂಟನೇ ಶತಮಾನದಲ್ಲಿ ಇಬ್ನುಲ್ ಮುಖಫ್ಫಾ ಪಂಚತಂತ್ರವನ್ನು ಪಹ್ಲವಿಯಿಂದ ಅರಬ್ಬಿಗೆ ತಂದ. ಕರಟಕ, ದಮನಕ ಎಂಬ ನರಿಗಳು ಕಲೀಲಾ, ದಿಮ್ನಾ ಆದವು. ಕನ್ನಡದಲ್ಲಿ ದುರ್ಗಸಿಂಹ 1031ರ ಸುಮಾರಿಗೆ ಪಂಚತಂತ್ರ ಬರೆದ. ಅಂದರೆ ಬಾಗ್ದಾದಿನ ಮಗುವೂ ಕರ್ನಾಟಕದ ಮಗುವೂ ಒಂದೇ ನರಿಗಳ ಕಥೆ ಕೇಳಿ ಮಲಗುತ್ತಿದ್ದವು.

ಬಂಧುಗಳೇ, ಇಲ್ಲಿಗೆ ನಿಲ್ಲಿಸಿದರೆ ನನ್ನ ಮಾತು ಬಹಳ ಚೆನ್ನಾಗಿ ಕಾಣುತ್ತದೆ. ಆದರೆ ಆ ಹುಡುಗನ ಪ್ರಶ್ನೆಗೆ ಅದು ಉತ್ತರವಾಗುವುದಿಲ್ಲ. ನೋವಿನ ಪುಟವನ್ನೂ ಓದಲೇಬೇಕು.

ಸುಮಾರು 1200ನೇ ಇಸವಿಯ ಹೊತ್ತಿಗೆ ಬಖ್ತಿಯಾರ್ ಖಲ್ಜಿಯ ಸೈನ್ಯ ಇಂದಿನ ಬಿಹಾರದಲ್ಲಿ ಒಂದು ಕೋಟೆಯ ಮೇಲೆ ದಾಳಿ ಮಾಡಿತು. ಇದನ್ನು ಬರೆದವನು ಯಾವುದೋ ವಿರೋಧಿಯಲ್ಲ, ದೆಹಲಿ ಸುಲ್ತಾನರ ಆಶ್ರಯದಲ್ಲಿದ್ದ ಮುಸ್ಲಿಂ ಇತಿಹಾಸಕಾರ ಮಿನ್ಹಾಜ್ ಸಿರಾಜ್. ಅವನು ಹೇಳುವಂತೆ ಒಳಗಿದ್ದವರು ತಲೆ ಬೋಳಿಸಿದವರು. ಅವರನ್ನೆಲ್ಲ ಕೊಂದರು. ಆಮೇಲೆ ನೋಡಿದರೆ ಅಲ್ಲಿ ರಾಶಿ ರಾಶಿ ಪುಸ್ತಕಗಳಿದ್ದವು. ಇವುಗಳಲ್ಲಿ ಏನಿದೆ ಎಂದು ತಿಳಿಯಲು ಓದಬಲ್ಲವರನ್ನು ಕರೆಸಬೇಕೆಂದರೆ ಓದಬಲ್ಲವರೆಲ್ಲ ಸತ್ತಿದ್ದರು. ಆಗ ಗೊತ್ತಾಯಿತು, ಅದು ಕೋಟೆಯಲ್ಲ, ಮದ್ರಸಾ. ಆ ದೇಶದ ಭಾಷೆಯಲ್ಲಿ ಮದ್ರಸಾಕ್ಕೆ ವಿಹಾರ ಎನ್ನುತ್ತಾರೆ ಎಂದೂ ಅವನೇ ಬರೆದಿದ್ದಾನೆ.

ವಿದ್ಯಾರ್ಥಿ ಮಿತ್ರರೇ, ಒಂದು ವಿದ್ಯಾಸಂಘದ ಸಭೆಯಲ್ಲಿ ಇದಕ್ಕಿಂತ ಭಾರವಾದ ಮಾತು ನನಗೆ ಗೊತ್ತಿಲ್ಲ. ಪುಸ್ತಕಗಳು ಕೈಗೆ ಬಂದವು, ಓದಿ ಹೇಳುವವನು ಒಬ್ಬನೂ ಉಳಿದಿರಲಿಲ್ಲ. ಬರ್ಮಕಿಗಳೂ ಮುಸ್ಲಿಮರೇ, ಖಲ್ಜಿಯ ಸೈನಿಕರೂ ಮುಸ್ಲಿಮರೇ. ಒಬ್ಬರು ಓದುವವರನ್ನು ಹುಡುಕಿ ಕರೆಸಿದರು, ಇನ್ನೊಬ್ಬರು ಮೊದಲು ಕೊಂದು ಆಮೇಲೆ ಓದುವವರನ್ನು ಹುಡುಕಿದರು. ನಮ್ಮ ಹಿರಿಯರು ಯಾರು ಎಂದು ನಾವು ಆರಿಸಿಕೊಳ್ಳಲಾಗುವುದಿಲ್ಲ. ಯಾರ ದಾರಿಯಲ್ಲಿ ನಡೆಯಬೇಕು ಎಂಬುದನ್ನು ಮಾತ್ರ ಆರಿಸಿಕೊಳ್ಳಬಹುದು.

ಬಾಮಿಯಾನಿನ ವಿಷಯವನ್ನೂ ಹೇಳಬೇಕು. ಸಾವಿರ ವರ್ಷಕ್ಕೂ ಹೆಚ್ಚು ಕಾಲ ಆ ಮೂರ್ತಿಗಳ ಕೆಳಗೆ ಮುಸ್ಲಿಮರೇ ಹೊಲ ಉತ್ತು ಬದುಕಿದರು. ಅವರು ಆ ಎರಡು ಮೂರ್ತಿಗಳಿಗೆ ಸಲ್ಸಾಲ್, ಶಾಹ್ ಮಾಮಾ ಎಂದು ಹೆಸರಿಟ್ಟು ಪ್ರೇಮಿಗಳ ಕಥೆ ಕಟ್ಟಿದ್ದರು. ಒಡೆಯಬೇಡಿ ಎಂದು ತಿಳಿಹೇಳಲು ಅರಬ್ ದೇಶಗಳ ಉಲೇಮಾಗಳ ನಿಯೋಗವೇ 2001ರಲ್ಲಿ ಅಲ್ಲಿಗೆ ಹೋಗಿತ್ತು. ಅವರ ಮಾತು ನಡೆಯಲಿಲ್ಲ. ಇಷ್ಟನ್ನು ಆ ದಿನ ನಾನು ತರಗತಿಯಲ್ಲಿ ಹೇಳಬಹುದಾಗಿತ್ತು: "ಹೌದಪ್ಪ, ಒಡೆದವರು ನನ್ನ ಧರ್ಮದ ಹೆಸರು ಹೇಳಿಕೊಂಡವರು. ಅದನ್ನು ಅಷ್ಟು ಕಾಲ ಉಳಿಸಿಕೊಂಡವರೂ, ಒಡೆಯಬೇಡಿ ಎಂದವರೂ ನನ್ನ ಧರ್ಮದವರೇ. ನಾನು ಎರಡನೆಯವರ ಜೊತೆ."

ನಮ್ಮ ಯುವಕರು ಇನ್ನೊಂದು ಪ್ರಶ್ನೆ ಕೇಳುತ್ತಾರೆ. 2017ರಲ್ಲಿ ಮ್ಯಾನ್ಮಾರಿನಿಂದ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಮುಸ್ಲಿಮರು ಮನೆಮಠ ಬಿಟ್ಟು ಓಡಬೇಕಾಯಿತು, ಬೌದ್ಧರ ದೇಶದಲ್ಲೇ ಅಲ್ಲವೇ ಎಂದು. ನಿಜ. ಆದರೆ ಆ ಅನ್ಯಾಯಕ್ಕೆ ಬೈಲುಕುಪ್ಪೆಯ ಭಿಕ್ಷುವೋ ನಮ್ಮ ಊರಿನ ಬೌದ್ಧ ಹುಡುಗನೋ ಜವಾಬ್ದಾರರಲ್ಲ, ಬಾಮಿಯಾನಿಗೆ ನಾನು ಹೇಗೆ ಜವಾಬ್ದಾರನಲ್ಲವೋ ಹಾಗೆ. ನಮಗೆ ಬೇಕಾದ ನ್ಯಾಯವನ್ನು ಇನ್ನೊಬ್ಬರಿಗೂ ಕೊಡಬೇಕು.

ಬೈಲುಕುಪ್ಪೆ ಎಂದೆ. ಟಿಬೆಟಿನ ರಾಜಧಾನಿ ಲ್ಹಾಸಾದಲ್ಲಿ ಮುಸ್ಲಿಮರು ಶತಮಾನಗಳಿಂದ ಇದ್ದಾರೆ, ಕಾಶ್ಮೀರದಿಂದ ಹೋದ ವ್ಯಾಪಾರಿಗಳ ಸಂತತಿ. ಹದಿನೇಳನೇ ಶತಮಾನದಲ್ಲಿ ಐದನೇ ದಲೈ ಲಾಮಾ ಅವರಿಗೆ ಮಸೀದಿಗೂ ಕಬರಸ್ತಾನಕ್ಕೂ ಜಾಗ ಕೊಟ್ಟರು. ನಾಲ್ಕು ದಿಕ್ಕಿಗೆ ಬಾಣ ಬಿಟ್ಟು, ಬಾಣ ಬಿದ್ದಲ್ಲಿಯವರೆಗೆ ಅವರ ಜಾಗ ಎಂದು ಗುರುತಿಸಿದರು ಎಂದು ಐತಿಹ್ಯವಿದೆ. ಮುನ್ನೂರು ವರ್ಷಗಳ ನಂತರ ಅದೇ ಟಿಬೆಟಿನ ಬೌದ್ಧರು ನೆಲೆ ಕಳೆದುಕೊಂಡು ಬಂದಾಗ ನಮ್ಮ ರಾಜ್ಯ 1960ರಲ್ಲಿ ಬೈಲುಕುಪ್ಪೆಯಲ್ಲಿ, 1966ರಲ್ಲಿ ಮುಂಡಗೋಡಿನಲ್ಲಿ ಜಾಗ ಕೊಟ್ಟಿತು. ಚಳಿಗಾಲದಲ್ಲಿ ಪೇಟೆಯ ಬೀದಿಯಲ್ಲಿ ಸ್ವೆಟರ್ ಮಾರುವ ಟಿಬೆಟಿನ ಹೆಂಗಸಿನ ಹತ್ತಿರ ಚೌಕಾಸಿ ಮಾಡುವಾಗ ಆ ಬಾಣಗಳ ಕಥೆ ನೆನಪಾಗಲಿ.

ಆಚರಣೆಯ ವಿಷಯದಲ್ಲಿ ಎರಡು ಮಾತು. ಎಲ್ಲ ಧರ್ಮವೂ ಒಂದೇ ಎಂದು ಹೇಳಿ ಚಪ್ಪಾಳೆ ತಟ್ಟಿಸಿಕೊಳ್ಳುವುದು ಸುಲಭ. ನಾನು ಹಾಗೆ ಹೇಳುವುದಿಲ್ಲ. ನಮಗೆ ತೌಹೀದ್ ಎಲ್ಲಕ್ಕಿಂತ ಮೊದಲು. ಬುದ್ಧನ ಉಪದೇಶದಲ್ಲಿ ಸೃಷ್ಟಿಕರ್ತನ ಮಾತಿಲ್ಲ. ಈ ವ್ಯತ್ಯಾಸ ಚಿಕ್ಕದಲ್ಲ. ಆದರೆ ನಮಾಜಿನ ನಂತರ ನಿಮ್ಮ ತಂದೆಯ ಕೈಯಲ್ಲಿರುವ ತಸ್ಬೀಹ್ ನೋಡಿ. ನಮ್ಮದರಲ್ಲಿ 33 ಅಥವಾ 99 ಮಣಿ, ಬೌದ್ಧ ಭಿಕ್ಷುವಿನ ಮಾಲೆಯಲ್ಲಿ 108. ಜಪಮಾಲೆಯ ಮೂಲ ಭಾರತವೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. ನಾವು ನೆನೆಯುವ ಹೆಸರು ಬೇರೆ, ಆದರೆ ಅಲೆದಾಡುವ ಮನಸ್ಸನ್ನು ಬೆರಳ ತುದಿಯಲ್ಲಿ ಕಟ್ಟಿಹಾಕುವ ಉಪಾಯ ಒಂದೇ. ಇನ್ನು ನಾವು ವಿಗ್ರಹಕ್ಕೆ ಹೇಳುವ ಬುತ್ ಎಂಬ ಪಾರಸಿ ಪದ ಬುದ್ಧ ಎಂಬ ಹೆಸರಿನಿಂದಲೇ ಹುಟ್ಟಿದ್ದು. ನಾವು ದಿನವೂ ಆಡುವ ಮಾತಿನಲ್ಲಿ ಬುದ್ಧನಿದ್ದಾನೆ, ನಮಗೆ ಗೊತ್ತಿಲ್ಲ ಅಷ್ಟೇ.

ಕೊನೆಯದಾಗಿ ಸನ್ನತಿಯ ಮಾತು. ಖಾಜಾ ಬಂದೇ ನವಾಜರ ದರ್ಗಾ ಇರುವ ಕಲಬುರಗಿ ಜಿಲ್ಲೆಯಲ್ಲಿಯೇ ಭೀಮಾ ನದಿಯ ದಡದಲ್ಲಿ ಸನ್ನತಿ ಇದೆ. 1986ರಲ್ಲಿ ಅಲ್ಲಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿಯಿತು. ದುರಸ್ತಿಗೆ ನೋಡಿದರೆ ದೇವಿಯ ವಿಗ್ರಹವನ್ನು ನಿಲ್ಲಿಸಿದ್ದ ಕಲ್ಲೇ ಅಶೋಕನ ಶಾಸನ. ಅದರಲ್ಲಿ ಅವನ ಹನ್ನೆರಡನೇ ಶಾಸನವೂ ಇತ್ತು. ತನ್ನ ಪಂಥವನ್ನು ಹೊಗಳಿ ಇನ್ನೊಬ್ಬರ ಪಂಥವನ್ನು ಹಳಿಯುವವನು ತನ್ನ ಪಂಥಕ್ಕೇ ಕೆಡುಕು ಮಾಡುತ್ತಾನೆ, ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಿಸಿಕೊಳ್ಳಬೇಕು ಎಂಬುದು ಅದರ ತಾತ್ಪರ್ಯ. ಜನಾಂಗಗಳನ್ನು ಬೇರೆ ಬೇರೆ ಮಾಡಿದ್ದು ಪರಸ್ಪರ ಪರಿಚಯಕ್ಕಾಗಿ ಎಂದು ಸೂರಃ ಹುಜುರಾತ್‌ನಲ್ಲಿ ನಾವೂ ಓದುತ್ತೇವೆ. ಆ ಕಲ್ಲಿನ ಮೇಲಿನ ಮಾತು ಎಷ್ಟೋ ಕಾಲ ಕಾಣದೆ ಇತ್ತು. ಪೂಜಿಸುವವರಿಗೂ ಗೊತ್ತಿರಲಿಲ್ಲ, ಪಕ್ಕದಲ್ಲಿ ಹಾದುಹೋಗುವ ನಮಗೂ ಗೊತ್ತಿರಲಿಲ್ಲ.

ಆದ್ದರಿಂದ ಸಂಘಕ್ಕೆ ನನ್ನ ಸಣ್ಣ ಬೇಡಿಕೆ ಇದೆ. ಪ್ರತಿ ವರ್ಷ ಮಕ್ಕಳನ್ನು ಪ್ರವಾಸ ಕರೆದೊಯ್ಯುತ್ತೀರಿ. ಈ ಬಾರಿ ಬ್ರಹ್ಮಗಿರಿಗೆ ಅಥವಾ ಬಳ್ಳಿಗಾವಿಗೆ ಕರೆದುಕೊಂಡು ಹೋಗಿ. ನಮ್ಮ ಊರಿನ ಬೇರೆ ಸಮಾಜದ ನಾಲ್ಕು ಮಕ್ಕಳನ್ನೂ ಅದೇ ಬಸ್ಸಿನಲ್ಲಿ ಕೂರಿಸಿಕೊಳ್ಳಿ. ವಿದ್ಯಾರ್ಥಿಗಳೇ, ನಿಮ್ಮ ಹಳ್ಳಿಯ ಹೊಲದ ಬದುವಿನಲ್ಲಿ, ಬಾವಿಯ ಕಟ್ಟೆಯಲ್ಲಿ ಅಕ್ಷರವಿರುವ ಕಲ್ಲು ಇದ್ದರೆ ಅದರ ಮೇಲೆ ಬಟ್ಟೆ ಒಗೆಯಬೇಡಿ, ಮೇಷ್ಟ್ರಿಗೆ ತೋರಿಸಿ.

ಆ ಹುಡುಗನನ್ನು ನಾನು ಕೆಲವು ವರ್ಷಗಳ ಹಿಂದೆ ಬಸ್ ನಿಲ್ದಾಣದಲ್ಲಿ ನೋಡಿದೆ. ಈಗ ಅವನೂ ಮೇಷ್ಟ್ರು. ಅವನ ಮನೆಯ ಗೃಹಪ್ರವೇಶಕ್ಕೆ ಕರೆದ, ಹೋಗಿದ್ದೆ. ಪಂಚಶೀಲ ಹೇಳಿ ಒಳಗೆ ಹೋದರು. ಊಟದ ನಂತರ ನಾನು ಆ ದಿನದ ಪ್ರಶ್ನೆಯನ್ನು ನೆನಪಿಸಿ, "ಅವತ್ತು ನಾನು ಉತ್ತರ ಕೊಡಲಿಲ್ಲಪ್ಪ" ಎಂದೆ. ಅವನು ಸ್ವಲ್ಪ ಹೊತ್ತು ಯೋಚಿಸಿ ನಕ್ಕ. "ನಾನು ಹಾಗೆ ಕೇಳಿದ್ದು ನೆನಪೇ ಇಲ್ಲ ಸಾರ್" ಎಂದ. ಅವನಿಗೆ ನೆನಪಿಲ್ಲದಿರಬಹುದು. ಆದರೆ ಈಗ ಅವನ ತರಗತಿಯಲ್ಲಿ ನಮ್ಮ ಮಕ್ಕಳು ಕುಳಿತಿದ್ದಾರೆ, ನಮ್ಮ ಮೇಷ್ಟ್ರುಗಳ ತರಗತಿಯಲ್ಲಿ ಅವನ ಸಮಾಜದ ಮಕ್ಕಳಿದ್ದಾರೆ. ನಾಳೆ ಒಂದು ಮಗು ಎದ್ದು ನಿಂತು ಏನಾದರೂ ಕೇಳುತ್ತದೆ. ಆಗ ಪುಟ ತಿರುವಬೇಡಿ.